ಒಂದು ತಂಡ, ಎರಡು ಆಡಳಿತ

ಐರ್ಲೆಂಡ್ ದ್ವೀಪವು ಇಂದಿಗೂ ಎರಡು ಆಡಳಿತಗಳಲ್ಲಿ ಹಂಚಿಹೋಗಿರುವುದು. ಆದರೆ ರಗ್ಬಿ ಎಂಬ ಆಟಕ್ಕಾಗಿ ಆ ದ್ವೀಪದಿಂದ ಬಯಲಿಗಿಳಿಯುವ ತಂಡವು ಮಾತ್ರ ಒಂದೇ. ಡಬ್ಲಿನ್ ನಗರಕ್ಕೆ ಹೋಗಿದ್ದಾಗ, ಅಲ್ಲಿ ನೆಲೆಸಿರುವ ನಾವುಂದದ ಮಿತ್ರರೊಬ್ಬರ ಒತ್ತಾಯದಿಂದ ನಾವು ಈ ಆಟವನ್ನು ಮೊತ್ತಮೊದಲು ಕಣ್ಣಾರೆ ಕಂಡೆವು. ಕಂಡುದರಲ್ಲಿ ಕನ್ನಡಿಗರು ಮನನ ಮಾಡತಕ್ಕ ಅಂಶವೊಂದಿರುವುದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಲ್ಯಾನ್ಸ್‌ಡೌನ್ ರಸ್ತೆಯ ಆ ಕ್ರೀಡಾಂಗಣದಲ್ಲಿ ಐವತ್ತು ಸಾವಿರಕ್ಕೂ ಮಿಕ್ಕಿ ಜನರು ಕೂಡಬಲ್ಲರು. ಪಕ್ಷಕ್ಕೆ 15 ಮಂದಿ. ಆಟದ ಅವಧಿ 80 ನಿಮಿಷ. ಚೆಂಡು ತೆಂಗಿನಕಾಯಿಯಂತೆ ಉದ್ದುರುಟು. ಅದನ್ನು ಎದೆಗವಚಿಕೊಂಡು ಓಡಿ, ಎದುರಾಳಿಗಳ ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರೆ 5 ಅಂಕ. ಓಡುವವನನ್ನು ನಮ್ಮ ಕಬಡ್ಡಿಯಲ್ಲಿಯಂತೆ ಹಿಡಿದು ಕೆಡಹುವರು. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಹಿಂದೆ ಬರುತ್ತಿರುವ ಒಡನಾಡಿಗೇ ಕೊಡಬೇಕು. ಒಮ್ಮೊಮ್ಮೆ ಎಂಟೆಂಟು ಜಟ್ಟಿಗಳು ಹೆಗಲಿಗೆ ಹೆಗಲು ಹೆಣೆದು, ತಲೆಬಾಗಿ, ಎದುರು ಬದುರಾಗಿ ನೂಕುವರು. ಅವರಲ್ಲಿ ಒಬ್ಬನ ಕಾಲು ಜಾರಿದರೂ ಸಾಲೆಲ್ಲ ಸಡಿಲಾಗುವುದು. ಇಷ್ಟು ಬಿರುಸಾಗಿ ಸೆಣಸಿದವರು ಆಟ ಮುಗಿದೊಡನೆ ಕೈಕುಲುಕಿ ನಗುತ್ತ ಹೊರಟುದು ನಮಗೆ ಬಹಳ ಮೆಚ್ಚುಗೆಯಾಯಿತು.

ಆದರೆ ಆಟಕ್ಕಿಂತಲೂ ಅದಕ್ಕೆ ಮೊದಲು ನಡೆದುದು ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿಯಿತು. ಐರ್ಲೆಂಡಿನವರಿಗಾಗಿ ಅಲ್ಲಿ ಒಂದಲ್ಲ, ಎರಡು ಹಾಡುಗಳನ್ನು ಹಾಡುವರು! ಕಾರಣವಿಷ್ಟೆ. ಐರಿಷ್ ರಗ್ಬಿ ಸಂಘವು 1879ರಲ್ಲಿ ಹುಟ್ಟಿತು. 1921ರಲ್ಲಿ ನಾಡು ಒಡೆಯಿತು, ಸಂಘವು ಒಡೆಯಲಿಲ್ಲ. ಅದೇ ವರ್ಷ ಕಾಲ್ಚೆಂಡಾಟದ ಮಂಡಳಿಯು ಇಬ್ಭಾಗವಾಗಿ, ಆ ಆಟದಲ್ಲಿ ಇಂದಿಗೂ ಎರಡು ತಂಡಗಳಿವೆ. ರಗ್ಬಿಯವರು ಒಂದಾಗಿಯೇ ಉಳಿದರು. ಆದರೆ ದಕ್ಷಿಣದ ರಾಷ್ಟ್ರಗೀತೆಯನ್ನು ಉತ್ತರದ ಆಟಗಾರರಲ್ಲಿ ಅನೇಕರು ತಮ್ಮದೆಂದು ಹಾಡಲಾರರು. ಆದುದರಿಂದ ಸಂಘವು 1995ರಲ್ಲಿ, ಇಬ್ಬರೂ ಬಾಯ್ತುಂಬ ಹಾಡಬಹುದಾದ ಹೊಸ ಗೀತೆಯೊಂದನ್ನು ಬರೆಯಿಸಿತು. ಡಬ್ಲಿನ್ನಿನಲ್ಲಿ ಎರಡನ್ನೂ, ಹೊರದೇಶದಲ್ಲಿ ಹೊಸದೊಂದನ್ನೇ ಹಾಡುವ ಪದ್ಧತಿಯಿದೆ. ದೊಡ್ಡ ಪಾಲಿನವರು ಸಣ್ಣ ಪಾಲಿನವರಿಗೆ ಎಡೆಮಾಡಿಕೊಟ್ಟುದರಿಂದಲೇ ಆ ತಂಡದ ಒಗ್ಗಟ್ಟು ಬಾಳಿತೆಂಬುದನ್ನು ವಾಚಕರು ಗಮನಿಸಬೇಕು.

ಇನ್ನು ನಮ್ಮ ನಾಡಿನ ಕಡೆಗೆ ತಿರುಗೋಣ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಕುಂದಾಪುರ ತಾಲೂಕು ಮದರಾಸಿನಲ್ಲಿಯೇ ಉಳಿಯಿತು. ಅಂದಿನಿಂದ 1956ರ ವರೆಗೆ, 94 ವರ್ಷಗಳ ಕಾಲ, ನಾವುಂದದವರು ಒಂದು ಪ್ರಾಂತದವರು, ಶಿರೂರಿನಾಚೆಯ ಭಟ್ಕಳದವರು ಇನ್ನೊಂದು ಪ್ರಾಂತದವರು! ಅದೇ ಕಡಲು, ಅದೇ ನುಡಿ; ದೊರೆತನ ಮಾತ್ರ ಬೇರೆ. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ನಾಡು ಚೂರಾಗಿದ್ದ ಆ ಕಾಲದಲ್ಲಿ, ಐರಿಷ್ ಸಂಘದಂತೆ ಗಡಿಯನ್ನು ಲೆಕ್ಕಿಸದೆ ಕನ್ನಡಿಗರನ್ನೆಲ್ಲ ಒಂದೆಡೆ ಕೂಡಿಸಲು ಹೊರಟುದು 1915ರಲ್ಲಿ ಸ್ಥಾಪಿತವಾದ ಸಾಹಿತ್ಯ ಪರಿಷತ್ತು. ಮೊದಲು ಕೂಟವಾಯಿತು, ಆಮೇಲೆ ರಾಜ್ಯವಾಯಿತು. ಈ ಕ್ರಮವನ್ನು ನಾವು ಮರೆತಿರುವೆವು.

ಯಾತಕ್ಕೆಂದರೆ, 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿಹೋಯಿತು. ಚಂದ್ರಗಿರಿ ಹೊಳೆಯ ಬಡಗಣ ಭಾಗವು ನಮಗೆ ಸಲ್ಲಬೇಕೆಂದು ಮಹಾಜನ ಆಯೋಗವು 1967ರಲ್ಲಿ ಹೇಳಿದರೂ ಅದು ಜಾರಿಗೆ ಬರಲಿಲ್ಲ. ಅತ್ತ ಜತ್ತ, ಅಕ್ಕಲಕೋಟೆಗಳ ಕನ್ನಡಿಗರೂ ಗಡಿಯಾಚೆಯೇ ಉಳಿದರು. ಆಯೋಗದ ಕಾಗದವನ್ನು ವರ್ಷಕ್ಕೊಮ್ಮೆ ರಾಜ್ಯೋತ್ಸವದ ವೇದಿಕೆಯ ಮೇಲೆ ಬೀಸಿದರೆ ಅಲ್ಲಿಯ ಕನ್ನಡ ಶಾಲೆಯ ಮಗುವಿಗೆ ದೊರೆಯುವುದೇನು? ಗಡಿಯನ್ನು ಸರಿಸುವುದು ದಿಲ್ಲಿಯ ಕೈಯಲ್ಲಿರಬಹುದು. ಬಳಗವನ್ನು ಕೂಡಿಸುವುದು ನಮ್ಮ ಕೈಯಲ್ಲಿಯೇ ಇರುವುದಷ್ಟೆ!

ಆದುದರಿಂದ ನಮ್ಮ ಸೂಚನೆ ಇದು. ಗಡಿಯಾಚೆಯ ಕನ್ನಡ ಶಾಲೆಗಳ ಮಕ್ಕಳೂ ಈಚೆಯ ಮಕ್ಕಳೂ ವರ್ಷಕ್ಕೊಮ್ಮೆ ಕಲೆತು ಕಬಡ್ಡಿ, ಕೊಕ್ಕೊ ಆಡುವ ಕೂಟವೊಂದು ಏರ್ಪಡಲಿ. ಕಾಸರಗೋಡಿನವರ ಮೇಲೆ ಕುಂದಾಪುರದವರು ಎಂದಲ್ಲ, ಪ್ರತಿಯೊಂದು ತಂಡದಲ್ಲಿಯೂ ಎರಡು ಕಡೆಯವರು ಬೆರೆತಿರಬೇಕು. ಮಕ್ಕಳನ್ನು ಮಳೆಗಾಲ ಕಳೆದ ಮೇಲೆ ನಮ್ಮ ಕರಾವಳಿಯ ಊರವರು ತಮ್ಮ ಮನೆಗಳಲ್ಲಿಯೇ ಇಳಿಸಿಕೊಳ್ಳಲಿ. ಇದಕ್ಕೆ ಸರಕಾರದ ಅಪ್ಪಣೆಗಿಂತ ಉಪಾಧ್ಯಾಯರ ಉತ್ಸಾಹವೇ ಮುಖ್ಯ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬಂದ ಮಗುವಿನ ಮಾತಿನಲ್ಲಿ ತುಳುವೋ ಮಲೆಯಾಳವೋ ಮರಾಠಿಯೋ ಬೆರೆತಿದ್ದರೆ ನಗಬಾರದು. ನಾವುಂದದವನ ‘ಹ್ವಾಯ್’ ಎಂಬ ಕರೆಯನ್ನು ಕೇಳಿ ನಕ್ಕವರು ನಮ್ಮ ದೊಡ್ಡ ಪಟ್ಟಣಗಳಲ್ಲಿ ಕಡಿಮೆಯೇ? ಆ ನೋವನ್ನು ಬಲ್ಲ ನಾವೇ ಅದನ್ನು ಇನ್ನೊಬ್ಬರಿಗೆ ಹಂಚಬಾರದು. ಎಲ್ಲರೂ ತಮ್ಮದೆಂದು ಹಾಡಬಲ್ಲ ಹಾಡಿದ್ದಲ್ಲದೆ ತಂಡವು ಒಂದಾಗಲಾರದು. ಕನ್ನಡವು ಅಂಥ ಹಾಡಾಗಲಿ. ಕರಾವಳಿಯ ಉಪಾಧ್ಯಾಯ ಬಂಧುಗಳು ಈ ವರ್ಷವೇ ಮೊದಲ ಕೂಟಕ್ಕೆ ದಿನ ಗೊತ್ತುಮಾಡಬೇಕೆಂದು ನಮ್ಮ ವಿನಂತಿ.