ಕಾರಿನ ಅಲಾರಂ ಹಾಳಾದರೆ ನ್ಯಾಯವಾದ ವಿಮಾ ಪರಿಹಾರ ಎಷ್ಟು?

ಕಾರಿನ ಕಳ್ಳತನ ತಡೆಯುವ ಅಲಾರಂ ಒಂದೇ ವಸ್ತುವಲ್ಲ, ಹಲವು ಬಿಡಿಭಾಗಗಳ ಕಿಟ್. ಬಾನೆಟ್ಟಿನ ಕೆಳಗೆ ಸೈರನ್, ಡ್ಯಾಶ್‌ಬೋರ್ಡಿನ ಒಳಗೆ ಕಂಟ್ರೋಲ್ ಯೂನಿಟ್, ಪೆಟ್ಟು ಅಥವಾ ಅಲುಗಾಟ ಗುರುತಿಸುವ ಸೆನ್ಸರ್, ಬಾಗಿಲುಗಳ ಲಾಕಿಗೆ ಹೋಗುವ ವೈರಿಂಗ್, ಮಾಲೀಕರ ಕೈಯಲ್ಲಿ ರಿಮೋಟ್. ಇಡೀ ಕಾರಿನ ಬೆಲೆಯ ಮುಂದೆ ಇದರ ಬೆಲೆ ಚಿಕ್ಕದು. ಆದರೂ ವಿಮಾ ಪರಿಹಾರ ಕೇಳುವ ಹೊತ್ತಿಗೆ ಈ ಚಿಕ್ಕ ವಸ್ತುವೇ ಸಾಕಷ್ಟು ತಕರಾರಿಗೆ ಎಡೆಮಾಡುತ್ತದೆ. ಇದು ಕಾರಿನ ಭಾಗವೋ, ಮೇಲೆ ಹಾಕಿಸಿಕೊಂಡ ಸಾಧನವೋ? ತಾನಾಗಿ ಕೆಟ್ಟಿತೋ, ಹೊರಗಿನ ಪೆಟ್ಟಿಗೆ ಹಾಳಾಯಿತೋ? ಲೆಕ್ಕಕ್ಕೆ ಪ್ಲಾಸ್ಟಿಕ್ಕೋ, ಎಲೆಕ್ಟ್ರಾನಿಕ್ಕೋ? ಒಂದೊಂದು ಉತ್ತರಕ್ಕೂ ಕೈಗೆ ಬರುವ ಮೊತ್ತ ಬದಲಾಗುತ್ತದೆ.

ನಷ್ಟವಿಮೆಯ ಬುನಾದಿ ನಷ್ಟಭರ್ತಿಯ ತತ್ತ್ವ. 1883ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಕ್ಯಾಸ್ಟೆಲೈನ್ ವಿರುದ್ಧ ಪ್ರೆಸ್ಟನ್ ಮೊಕದ್ದಮೆಯಲ್ಲಿ ಅದನ್ನು ಸ್ಪಷ್ಟವಾಗಿ ವಿವರಿಸಿತು. ವಿಮೆ ಮಾಡಿಸಿದವರಿಗೆ ಆದ ನಷ್ಟ ಪೂರ್ತಿ ತುಂಬಬೇಕು, ಅದಕ್ಕಿಂತ ಹೆಚ್ಚು ಎಂದೂ ಸಿಗಬಾರದು. ಭಾರತದ ವಾಹನ ವಿಮೆಯೂ ಇದೇ ತತ್ತ್ವದ ಮೇಲೆ ನಿಂತಿದೆ. ಈ ಮಾತಿನ ಎರಡನೆಯ ಅರ್ಧವನ್ನು ಕಂಪನಿಗಳು ಸದಾ ನೆನಪಿಡುತ್ತವೆ, ಮೊದಲ ಅರ್ಧವನ್ನು ಗ್ರಾಹಕರು. ನ್ಯಾಯವಾದ ಪರಿಹಾರಕ್ಕೆ ಎರಡೂ ಬೇಕು.

ಮೊದಲ ಪ್ರಶ್ನೆ, ಅಲಾರಂ ಪಾಲಿಸಿಯೊಳಗೆ ಇದೆಯೇ ಎಂಬುದು. ಪಾಲಿಸಿಯಲ್ಲಿ ನಮೂದಾಗುವ ಕಾರಿನ ಘೋಷಿತ ಮೌಲ್ಯ, ಅಂದರೆ ಐಡಿವಿ, ತಯಾರಕರು ಪ್ರಕಟಿಸಿದ ಮಾರಾಟ ಬೆಲೆಯಿಂದ ವಯಸ್ಸಿಗೆ ತಕ್ಕ ಸವಕಳಿ ಕಳೆದು ಬರುವ ಮೊತ್ತ. ಕಾರ್ಖಾನೆಯಲ್ಲೇ ಕೂಡಿಸಿದ ಅಲಾರಂ ಆ ಬೆಲೆಯಲ್ಲಿ ಸೇರಿರುವುದರಿಂದ ಅದರ ಬಗ್ಗೆ ವಾದವಿಲ್ಲ. ಕಾರು ಕೊಂಡ ಮೇಲೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಅಂಗಡಿಯಲ್ಲಿ ಹಾಕಿಸಿದ ಅಲಾರಂ ಆ ಬೆಲೆಯಲ್ಲಿ ಸೇರಿರುವುದಿಲ್ಲ. 2002ರ ಭಾರತೀಯ ಮೋಟಾರು ಸುಂಕಪಟ್ಟಿ ಇಂಥ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ಸಾಧನಗಳಿಗೆ ಐಎಂಟಿ 24 ಎಂಬ ಪ್ರತ್ಯೇಕ ಹಿಂಬರಹ ಇಟ್ಟು, ಸಾಧನದ ಮೌಲ್ಯದ ಶೇ. 4ರಷ್ಟು ಹೆಚ್ಚುವರಿ ಪ್ರೀಮಿಯಂ ಗೊತ್ತುಮಾಡಿತು. 2007ರಲ್ಲಿ ದರಗಳ ಕಟ್ಟು ಸಡಿಲವಾದರೂ ಪಾಲಿಸಿಯ ಷರತ್ತುಗಳು ಬಹುಮಟ್ಟಿಗೆ ಆ ಸುಂಕಪಟ್ಟಿಯ ಪ್ರಕಾರವೇ ಮುಂದುವರಿದಿವೆ. ಆ ದರದಲ್ಲಿ 9,000 ರೂಪಾಯಿಯ ಅಲಾರಂಗೆ ವರ್ಷಕ್ಕೆ 360 ರೂಪಾಯಿ. ಇದನ್ನು ಕಟ್ಟದೆ, ಅಲಾರಂ ಇದೆಯೆಂದು ತಿಳಿಸದೆ, ಹಾಳಾದ ಮೇಲೆ ಪರಿಹಾರ ಕೇಳಿದರೆ ಕಂಪನಿ ನಿರಾಕರಿಸುವುದು ತಪ್ಪಲ್ಲ. ಬೆಲೆ ಪಡೆಯದ ಅಪಾಯವನ್ನು ಹೊರಬೇಕೆಂದು ಯಾರನ್ನೂ ಒತ್ತಾಯಿಸಲಾಗದು. ಪಾಲಿಸಿ ನವೀಕರಿಸುವಾಗ ಹೆಚ್ಚುವರಿ ಸಾಧನಗಳ ಕಲಂ ಖಾಲಿ ಬಿಟ್ಟು ಮುಂದೆ ಹೋಗುವುದು ಸುಲಭ. ಆ ಖಾಲಿ ಕಲಮಿನ ಭಾರ ಕೊನೆಗೆ ಬೀಳುವುದು ಮಾಲೀಕರ ಮೇಲೆಯೇ.

ಎರಡನೆಯದು ಹಾನಿಯ ಕಾರಣ. ಬೆಂಕಿ, ಸಿಡಿಲು, ಕಳವು, ಗಲಭೆ, ಪ್ರವಾಹ, ಭೂಕಂಪ, ದುರುದ್ದೇಶದ ಕೃತ್ಯ, ಹೊರಗಿನಿಂದ ಬಂದ ಆಕಸ್ಮಿಕ ಪೆಟ್ಟು ಇವೆಲ್ಲ ಸ್ವಂತ ಹಾನಿಯ ವಿಮೆಯ ಒಳಗೆ ಬರುತ್ತವೆ. ಸವೆತ, ಯಾಂತ್ರಿಕ ಅಥವಾ ವಿದ್ಯುತ್ ವೈಫಲ್ಯ ಹೊರಗೆ. ಗಾಜು ಒಡೆದು ಒಳನುಗ್ಗಿದ ಕಳ್ಳ ಸೈರನ್ನಿನ ತಂತಿ ಕಿತ್ತು ಕಂಟ್ರೋಲ್ ಯೂನಿಟ್ ಜಜ್ಜಿದ್ದರೆ ಪರಿಹಾರದ ಹಕ್ಕು ಸ್ಪಷ್ಟ. ಯಾರೂ ಮುಟ್ಟದೆ ಒಂದು ಬೆಳಗ್ಗೆ ಅಲಾರಂ ಸತ್ತಿದ್ದರೆ ಅದು ಅಂಗಡಿಯ ವಾರಂಟಿಯ ವಿಷಯ. ನಡುವೆ ಬರುವ ಪ್ರಕರಣಗಳಲ್ಲೇ ವಿವೇಚನೆ ಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು, ಹೊರವರ್ತುಲ ರಸ್ತೆಯ ಸುತ್ತ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದವು. ಹೀಗೆ ನೀರಲ್ಲಿ ನಿಂತ ಕಾರಿನ ಎಲೆಕ್ಟ್ರಾನಿಕ್ ಸಾಧನ ಕೆಲವೊಮ್ಮೆ ಅಂದೇ ಕೆಡುವುದಿಲ್ಲ. ತೇವ ಒಳಗೆ ಉಳಿದು, ತಾಮ್ರದ ಜೋಡಣೆಗಳು ಕಿಲುಬು ಹಿಡಿದು, ವಾರಗಳ ನಂತರ ನಿಂತುಹೋಗುತ್ತದೆ. ಆಗ ಅದನ್ನು ವಿದ್ಯುತ್ ವೈಫಲ್ಯವೆಂದು ತಳ್ಳಿಹಾಕುವುದು ಕೊನೆಯ ಲಕ್ಷಣವನ್ನು ನೋಡಿ ಮೂಲ ಕಾರಣವನ್ನು ಕಡೆಗಣಿಸಿದಂತೆ. ಇಲಿ ವೈರು ಕಡಿದಾಗಲೂ ಅಷ್ಟೆ: ಅಲಾರಂ ನಿಂತದ್ದು ತನ್ನ ದೋಷದಿಂದಲ್ಲ, ಹೊರಗಿನ ಹಲ್ಲಿನಿಂದ. ನೀರು ಹೊಕ್ಕ ಕಾರಿನ ಮೊದಲ ಸರ್ವೇ ನಡೆಯುವಾಗಲೇ ಅಲಾರಮನ್ನು ಪರೀಕ್ಷೆಯ ಪಟ್ಟಿಗೆ ಸೇರಿಸಿ ಎಂದು ಬರೆದುಕೊಟ್ಟಿದ್ದರೆ ಈ ವಾದ ಮಾಲೀಕರ ಕಡೆ ಗಟ್ಟಿಯಾಗುತ್ತದೆ.

ಮೂರನೆಯದು ಸವಕಳಿ, ಮತ್ತು ನಿಜವಾದ ಅನ್ಯಾಯ ನುಸುಳುವುದು ಇಲ್ಲಿಯೇ. ಹಾನಿಯಾದ ಭಾಗ ಬದಲಿಸುವಾಗ ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳು, ಟೈರ್, ಬ್ಯಾಟರಿ, ಏರ್‌ಬ್ಯಾಗ್‌ಗಳಿಗೆ ಶೇ. 50 ಕಡಿತ. ಫೈಬರ್ ಗ್ಲಾಸಿಗೆ ಶೇ. 30. ಗಾಜಿಗೆ ಕಡಿತವಿಲ್ಲ. ಉಳಿದ ಎಲ್ಲ ಭಾಗಗಳಿಗೆ ವಾಹನದ ವಯಸ್ಸಿನ ಪ್ರಕಾರ: ಆರು ತಿಂಗಳವರೆಗೆ ಏನೂ ಇಲ್ಲ, ಒಂದು ವರ್ಷದವರೆಗೆ ಶೇ. 5, ಎರಡರವರೆಗೆ 10, ಮೂರರವರೆಗೆ 15, ನಾಲ್ಕರವರೆಗೆ 25, ಐದರವರೆಗೆ 35, ಹತ್ತರವರೆಗೆ 40, ಅದರಾಚೆ 50.

ಎರಡು ವರ್ಷ ನಾಲ್ಕು ತಿಂಗಳ ಕಾರಿನಲ್ಲಿ 9,000 ರೂಪಾಯಿಯ ಅಲಾರಂ ಹಾಳಾಗಿದೆ ಎನ್ನೋಣ. ‘ಉಳಿದ ಭಾಗ’ ಎಂದು ಎಣಿಸಿದರೆ ಕಡಿತ 1,350 ರೂಪಾಯಿ, ಉಳಿಯುವುದು 7,650. ಪ್ಲಾಸ್ಟಿಕ್ ಎಂದು ಎಣಿಸಿದರೆ ಉಳಿಯುವುದು 4,500. ಒಂದು ಕಲಂ ಬದಲಾದರೆ 3,150 ರೂಪಾಯಿಯ ವ್ಯತ್ಯಾಸ. ಕಂಟ್ರೋಲ್ ಯೂನಿಟ್ಟಿನ ಹೊರಕವಚ ಪ್ಲಾಸ್ಟಿಕ್ ಆಗಿರುತ್ತದೆ ನಿಜ. ಆದರೆ ಜನ ದುಡ್ಡು ಕೊಡುವುದು ಕವಚಕ್ಕಲ್ಲ, ಒಳಗಿನ ಸರ್ಕ್ಯೂಟಿಗೆ. ಪ್ಲಾಸ್ಟಿಕ್ಕಿಗೆ ಅರ್ಧ ಕಡಿತ ಇಟ್ಟಿರುವುದು ಬಿಸಿಲಿಗೆ, ಉಜ್ಜಾಟಕ್ಕೆ ಬೇಗ ಸವೆಯುವ ಬಂಪರ್, ಮಡ್‌ಗಾರ್ಡ್ ಲೈನಿಂಗಿನಂಥ ಭಾಗಗಳಿಗೆ ಹೊಂದುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ನೆರಳಲ್ಲಿ ಕುಳಿತ ಎಲೆಕ್ಟ್ರಾನಿಕ್ ಸಾಧನಕ್ಕೆ ಹೊಂದುವುದಿಲ್ಲ. ಹೊದಿಕೆಯನ್ನು ನೋಡಿ ಪುಸ್ತಕದ ಬೆಲೆ ಕಟ್ಟುವವರಿಲ್ಲ. ಆದ್ದರಿಂದ ಸವಕಳಿಯ ಕಲಮನ್ನು ಸಾಧನದ ಕೆಲಸ ಮತ್ತು ಬೆಲೆಯ ಮುಖ್ಯ ಪಾಲು ನೋಡಿ ನಿರ್ಧರಿಸಬೇಕು.

ಇನ್ನೊಂದು ಅನ್ಯಾಯ ಇದಕ್ಕಿಂತ ಆಳದ್ದು. ಮೇಲಿನ ಪಟ್ಟಿ ಎಣಿಸುವುದು ವಾಹನದ ವಯಸ್ಸನ್ನು, ಭಾಗದ ವಯಸ್ಸನ್ನಲ್ಲ. ಕಾರಿನ ಜೊತೆಗೇ ಬಂದ ಭಾಗಗಳಿಗೆ ಎರಡೂ ಒಂದೇ, ಹಾಗಾಗಿ ತೊಂದರೆಯಿಲ್ಲ. ಆರು ವರ್ಷದ ಕಾರಿಗೆ ಹೋದ ತಿಂಗಳು ಹಾಕಿಸಿದ ಅಲಾರಂ ಹಾಳಾದರೂ ಪಟ್ಟಿ ಅದನ್ನು ಆರು ವರ್ಷದ್ದೆಂದೇ ಕಂಡು ಶೇ. 40 ಕಳೆಯುತ್ತದೆ. ಅಂಗಡಿಯ ಬಿಲ್ಲಿನ ಮೇಲೆ ದಿನಾಂಕವಿದೆ, ಸಾಧನ ಹೊಸದೆಂಬುದಕ್ಕೆ ದಾಖಲೆ ಇದೆ. ಆದರೂ ನಷ್ಟ ಪೂರ್ತಿ ತುಂಬುವುದಿಲ್ಲ. ಇಡೀ ದೇಶಕ್ಕೆ ಒಂದೇ ಅಳತೆ ಇರಲೆಂದು ಮಾಡಿದ ಪಟ್ಟಿ ಇದು, ಸಾವಿರಾರು ಕ್ಲೈಮುಗಳನ್ನು ವಾದವಿಲ್ಲದೆ ಮುಗಿಸಲು ನೆರವಾಗುತ್ತದೆ ಎಂಬ ಸಮರ್ಥನೆಯಲ್ಲಿ ತಿರುಳಿದೆ. ಆದರೆ ಪ್ರತ್ಯೇಕ ಮೌಲ್ಯ ಘೋಷಿಸಿ, ಪ್ರತ್ಯೇಕ ಪ್ರೀಮಿಯಂ ಪಡೆದ ಸಾಧನಕ್ಕೆ ಬಿಲ್ಲಿನ ದಿನಾಂಕದಿಂದ ವಯಸ್ಸು ಎಣಿಸುವುದು ಯಾವ ಕಂಪನಿಗೂ ಕಷ್ಟದ ಕೆಲಸವಲ್ಲ. ಈ ನಿಯಮ ಬದಲಾಗಬೇಕು. ‘ಬಂಪರ್ ಟು ಬಂಪರ್’ ಎಂದು ಕರೆಯುವ ಶೂನ್ಯ ಸವಕಳಿ ಹೆಚ್ಚುವರಿ ರಕ್ಷಣೆ ಕೊಂಡವರಿಗೆ ಈ ಕಡಿತಗಳಿಂದ ಬಿಡುಗಡೆ ಸಿಗಬಹುದು, ಆದರೆ ಅದು ಹೊರಗಿನ ಸಾಧನಗಳಿಗೂ ಅನ್ವಯಿಸುತ್ತದೆಯೇ ಎಂಬುದನ್ನು ಆಯಾ ಪಾಲಿಸಿಯಲ್ಲೇ ಓದಿ ನೋಡಬೇಕು.

ಸವಕಳಿಯೇ ಬೇಡ, ಹೊಸ ಅಲಾರಂನ ಪೂರ್ತಿ ಬೆಲೆ ಕೊಡಿ, ಏಕೆಂದರೆ ಎರಡು ವರ್ಷ ಹಳೆಯ ಅಲಾರಂ ಪೇಟೆಯಲ್ಲಿ ಸಿಗುವುದಿಲ್ಲ ಎಂದು ಮಾಲೀಕರು ವಾದಿಸುವುದುಂಟು. ಕಷ್ಟ ನಿಜವಾದದ್ದು, ವಾದ ಮಾತ್ರ ಪೂರ್ತಿ ನಿಲ್ಲುವುದಿಲ್ಲ. ಹಳೆಯದರ ಜಾಗದಲ್ಲಿ ಹೊಸದು ಬಂದಾಗ ಅದರ ಬಾಳಿಕೆಯೂ ಹೊಸದಾಗಿ ಶುರುವಾಗುತ್ತದೆ, ಆ ಲಾಭಕ್ಕೆ ಒಂದಿಷ್ಟು ತೆರಬೇಕಾದದ್ದು ಸರಿ. ಸೈರನ್ ಒಂದೇ ಒಡೆದಿರುವಾಗ ಇಡೀ ಕಿಟ್ ಕೇಳುವುದೂ ಸರಿಯಲ್ಲ. ಆ ಮಾದರಿಯ ಸೈರನ್ ಬಿಡಿಯಾಗಿ ಸಿಗುವುದೇ ಇಲ್ಲವೆಂದಾದರೆ ಮಾತು ಬೇರೆ. ಮಾರಾಟಗಾರರಿಂದ ಹಾಗೆಂದು ಪತ್ರ ಪಡೆದು ಲಗತ್ತಿಸಿದರೆ ಇಡೀ ಕಿಟ್ಟಿನ ಬೆಲೆ ನ್ಯಾಯವೇ. ಸವಕಳಿ ಬಿಡಿಭಾಗದ ಬೆಲೆಗೆ ಮಾತ್ರ, ಕೂಲಿಗೆ ಅಲ್ಲ. ಡ್ಯಾಶ್‌ಬೋರ್ಡ್ ಬಿಚ್ಚಿ ವೈರಿಂಗ್ ಮಾಡುವ ಕೂಲಿ ಅಲಾರಂ ಕೆಲಸದಲ್ಲಿ ಸಣ್ಣದಲ್ಲವಾದ್ದರಿಂದ ಬಿಲ್ಲಿನಲ್ಲಿ ಬಿಡಿಭಾಗ ಮತ್ತು ಕೂಲಿಯನ್ನು ಬೇರೆಬೇರೆ ಬರೆಸಬೇಕು.

ಇನ್ನು, ಹಕ್ಕಿದ್ದರೂ ಕ್ಲೈಮ್ ಮಾಡುವುದು ಲಾಭವೇ? 1500 ಸಿಸಿವರೆಗಿನ ಖಾಸಗಿ ಕಾರಿಗೆ ಪ್ರತಿ ಕ್ಲೈಮಿನಲ್ಲೂ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000 ರೂಪಾಯಿ ಕಡ್ಡಾಯವಾಗಿ ಮಾಲೀಕರ ಪಾಲು. ಮೇಲಿನ ಸಣ್ಣ ಕಾರಿನ ಉದಾಹರಣೆಯಲ್ಲಿ 7,650 ಇದ್ದದ್ದು 6,650ಕ್ಕೆ ಇಳಿಯುತ್ತದೆ. ಅದರ ಜೊತೆಗೆ ನೋ ಕ್ಲೈಮ್ ಬೋನಸ್ ಹೋಗುತ್ತದೆ. ಕ್ಲೈಮಿಲ್ಲದ ವರ್ಷಗಳಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ ಕ್ರಮವಾಗಿ ಶೇ. 20, 25, 35, 45, 50. ಮೂರನೆಯ ಪಾಲಿಸಿ ವರ್ಷದಲ್ಲಿರುವ ಈ ಕಾರಿಗೆ ಕ್ಲೈಮ್ ಮಾಡದಿದ್ದರೆ ಮುಂದಿನ ಐದು ನವೀಕರಣಗಳಲ್ಲಿ ಶೇ. 35, 45, 50, 50, 50 ಸಿಗುತ್ತದೆ. ಮಾಡಿದರೆ ಸೊನ್ನೆ, 20, 25, 35, 45. ಮೂಲ ಪ್ರೀಮಿಯಂ ವರ್ಷಕ್ಕೆ 10,000 ರೂಪಾಯಿ ಎಂದು ಇಟ್ಟುಕೊಂಡರೆ ಐದು ವರ್ಷದಲ್ಲಿ ಕಳೆದುಕೊಳ್ಳುವುದು 10,500 ರೂಪಾಯಿ. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ನಿಜವಾದ ಮೊತ್ತ ಇದಕ್ಕಿಂತ ಕಡಿಮೆ ಇದ್ದೀತು, ಆದರೂ 6,650 ರೂಪಾಯಿಗೆ ಅಷ್ಟು ತೆರುವುದು ಯೋಚಿಸಬೇಕಾದ ಮಾತು. ಅಲಾರಂ ಒಂದೇ ಹಾಳಾಗಿದ್ದರೆ, ಬೋನಸ್ ಕಾಯುವ ಹೆಚ್ಚುವರಿ ರಕ್ಷಣೆಯೂ ಇಲ್ಲದಿದ್ದರೆ, ಕೈಯಿಂದ ಕೊಟ್ಟು ಸರಿಪಡಿಸಿಕೊಳ್ಳುವುದೇ ಮೇಲು. ಗಾಜು, ಬಾಗಿಲು, ಲಾಕುಗಳ ಜೊತೆ ಅಲಾರಮೂ ಹೋಗಿದ್ದರೆ ಅಲಾರಮನ್ನು ಕ್ಲೈಮಿನಿಂದ ಬಿಡುವುದು ದಡ್ಡತನ, ಏಕೆಂದರೆ ಬೋನಸ್ ಹೇಗೂ ಹೋಗುತ್ತದೆ.

ಕ್ಲೈಮ್ ಮಾಡುವುದೆಂದು ತೀರ್ಮಾನವಾದರೆ ದಾಖಲೆಗಳೇ ಬಲ. ಅಲಾರಂ ಕೊಂಡ ಬಿಲ್, ಅದರ ಮೌಲ್ಯ ನಮೂದಾದ ಪಾಲಿಸಿಯ ಪುಟ, ಹಾನಿಯ ಫೋಟೊಗಳು, ಕಳ್ಳತನದ ಯತ್ನವಾಗಿದ್ದರೆ ಪೊಲೀಸ್ ದೂರು, ದುರಸ್ತಿಯ ಅಂದಾಜು. ಸರ್ವೇ ಮುಗಿಯುವವರೆಗೆ ಮುರಿದ ಭಾಗಗಳನ್ನು ಎಸೆಯಬಾರದು. ಅಲಾರಮಿಲ್ಲದ ಕಾರನ್ನು ರಸ್ತೆಯಲ್ಲಿ ಹಾಗೇ ಬಿಡಬಾರದು. ವಾಹನ ರಕ್ಷಿಸಲು ತಕ್ಕ ಎಚ್ಚರ ವಹಿಸುವುದು ಪಾಲಿಸಿಯ ಷರತ್ತು.

ಸರ್ವೇಯರ್ ಕಡಿತ ಮಾಡಿದಾಗ ಕೇಳಬೇಕಾದ್ದು ಒಟ್ಟು ಮೊತ್ತವನ್ನಲ್ಲ, ಸಾಲುಸಾಲಿನ ಲೆಕ್ಕವನ್ನು: ಯಾವ ಭಾಗಕ್ಕೆ ಯಾವ ಕಲಂ, ಎಷ್ಟು ಶೇಕಡಾ, ಏಕೆ. ಸರ್ವೇಯರ್ ವರದಿಯೇ ಕಟ್ಟಕಡೆಯ ಮಾತಲ್ಲವೆಂದು 2009ರಲ್ಲಿ ಸುಪ್ರೀಂ ಕೋರ್ಟ್ ವಾಹನ ವಿಮೆಯ ಪ್ರಕರಣವೊಂದರಲ್ಲಿ ಹೇಳಿದೆ. ಅದೇ ವರ್ಷದ ಇನ್ನೊಂದು ತೀರ್ಪು, ಸಕಾರಣವಿಲ್ಲದೆ ಆ ವರದಿಯನ್ನು ಕಂಪನಿ ಬದಿಗಿಡುವಂತಿಲ್ಲ ಎಂದಿತು. ಎರಡನ್ನೂ ಕೂಡಿಸಿ ಓದಿದರೆ, ಕಾರಣ ಕೊಡಬೇಕಾದ ಹೊಣೆ ಎರಡೂ ಕಡೆಗಿದೆ. ಹಾಗಾಗಿ ಆಕ್ಷೇಪವೂ ಲಿಖಿತವಾಗಿ, ಕಲಂ ಹೆಸರಿಸಿಯೇ ಇರಬೇಕು.

ಕಂಪನಿಗೆ ಬರೆದ ದೂರಿಗೆ ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕಕ್ಕೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. ಕೆಲವು ಸಾವಿರ ರೂಪಾಯಿಯ ತಕರಾರಿಗೆ ಇದೇ ಸೂಕ್ತ ಜಾಗ. ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗದ ದಾರಿಯೂ ತೆರೆದಿದೆ. 2019ರ ಕಾಯಿದೆಯ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು. ಆದರೆ ಅಲ್ಲಿ ಮೊಕದ್ದಮೆ ನಡೆಯುತ್ತಿರುವ ವಿಷಯವನ್ನು ಒಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ. ಒಂಬುಡ್ಸ್‌ಮನ್ ನೀಡುವ ಐತೀರ್ಪಿಗೆ ಕಂಪನಿ ಬದ್ಧವಾಗಿರಲೇಬೇಕು; ಅದು ಸಾಲದೆನಿಸಿದ ಗ್ರಾಹಕರು ಮಾತ್ರ ಆನಂತರವೂ ಆಯೋಗದ ಬಾಗಿಲು ತಟ್ಟಬಹುದು.