ಎಣಿಸಿ ತೆಗೆದುಕೊಳ್ಳಿ

ಮೂವತ್ತೊಂದು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವಳು ನಾನು. ತಲೆಯ ಮೇಲೆ ಸದಾ ಒಂದು ಬೋರ್ಡು ತೂಗುತ್ತಿತ್ತು: ‘ಕೌಂಟರ್ ಬಿಡುವ ಮುನ್ನ ಹಣ ಎಣಿಸಿಕೊಳ್ಳಿ.’ ಗಂಡಸರು ಬೆರಳಿಗೆ ಎಂಜಲು ಹಚ್ಚಿ ಎಣಿಸುತ್ತಿದ್ದರು. ಹೆಂಗಸರಲ್ಲಿ ಬಹಳ ಮಂದಿ, “ನೀವು ಕೊಟ್ಟ ಮೇಲೆ ಸರಿಯೇ ಇರುತ್ತೆ ಬಿಡಿ ಮೇಡಂ” ಎಂದು ಪರ್ಸಿಗೆ ತುರುಕಿ ಹೊರಟುಬಿಡುತ್ತಿದ್ದರು. ಆಗ ಅದು ನನಗೆ ಹೊಗಳಿಕೆಯಂತೆ ಕೇಳುತ್ತಿತ್ತು. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

ಕಾರಣ, ನಮ್ಮ ಪಕ್ಕದ ಮನೆಯ ಅಕ್ಕ. ಯಜಮಾನರು ಹೋದ ಮೇಲೆ ಬಂದ ದುಡ್ಡಿನಲ್ಲಿ ಎರಡು ಲಕ್ಷವನ್ನು ದೂರದ ನೆಂಟರ ಹುಡುಗನೊಬ್ಬನ ಮಾತು ಕೇಳಿ ‘ಬಿಟ್‌ಕಾಯಿನ್’ನಲ್ಲಿ ಹಾಕಿದ್ದರು. ಫೋನಿನಲ್ಲಿ ಅಂಕಿ ದಿನಾ ಏರುತ್ತಿತ್ತು. ಹುಡುಗ ಬಂದಿದ್ದಾಗ ನಾನೇ ಕೇಳಿದೆ, “ನಾಣ್ಯ ಎಲ್ಲಿದೆಯಪ್ಪಾ?” ಅವನು ನಕ್ಕ. “ಆಂಟೀ, ಇದು ಬ್ಲಾಕ್‌ಚೈನು. ನಿಮಗೆ ಅರ್ಥ ಆಗಲ್ಲ. ಸರ್ಕಾರವೇ ಟ್ಯಾಕ್ಸ್ ಹಾಕಿದೆಯಲ್ಲ, ಮತ್ತೇನು ಭಯ?”

ತೆರಿಗೆಯ ಮಾತು ನಿಜ. 2022ರಿಂದ ಇಂಥ ಲಾಭದ ಮೇಲೆ ಶೇಕಡಾ 30 ತೆರಿಗೆ ಇದೆ. ಆದರೆ ತೆರಿಗೆ ಹಾಕಿದ ಮಾತ್ರಕ್ಕೆ ಸರ್ಕಾರ ಜಾಮೀನು ನಿಂತಂತಾಯಿತೇ? ಅದಿರಲಿ. ನನ್ನನ್ನು ಕೆಣಕಿದ್ದು ‘ಅರ್ಥ ಆಗಲ್ಲ’ ಎಂಬ ಮಾತು. ಸಾಲಪತ್ರಕ್ಕೆ ಸಹಿ ಹಾಕಿಸುವಾಗ, ಆಸ್ತಿಯ ಹಕ್ಕು ಬಿಡಿಸಿಕೊಳ್ಳುವಾಗ ಇದೇ ಮಾತನ್ನು ಎಷ್ಟು ಸಲ ಕೇಳಿಲ್ಲ ನಾವು!

ಎಂಜಿನಿಯರಿಂಗ್ ಓದುವ ನನ್ನ ತಂಗಿಯ ಮಗಳನ್ನು ಫೋನಿನಲ್ಲಿ ಹಿಡಿದೆ. ಅವಳು ಹೇಳಿದ್ದು ಕೇಳಿ ಬೆರಗಾಯಿತು. ಬಿಟ್‌ಕಾಯಿನ್ನಿನಲ್ಲಿ ಗುಟ್ಟೇ ಇಲ್ಲವಂತೆ. ಸತೋಶಿ ನಕಮೊಟೊ ಎಂಬ ಹೆಸರಿನ ಹಿಂದೆ ಅಡಗಿದ ಯಾರೋ 2009ರ ಜನವರಿಯಲ್ಲಿ ಅದರ ತಂತ್ರಾಂಶ ಹೊರಬಿಟ್ಟಾಗಿನಿಂದ ಅದರ ಮೂಲ ಬರವಣಿಗೆ ಎಲ್ಲರ ಕಣ್ಣೆದುರಿಗೇ ಇದೆ. ಲೆಡ್ಜರು ಒಂದು ಬ್ಯಾಂಕಿನಲ್ಲಿಲ್ಲ; ಜಗತ್ತಿನ ಸಾವಿರಾರು ಕಂಪ್ಯೂಟರುಗಳು ಅದೇ ಲೆಡ್ಜರಿನ ಪ್ರತಿಗಳನ್ನಿಟ್ಟುಕೊಂಡು ತಾವೇ ತಾಳೆ ನೋಡುತ್ತವೆ. ಅಂಥ ಒಂದೊಂದನ್ನು ‘ನೋಡ್’ ಎನ್ನುತ್ತಾರೆ. “ನೀವೇ ಒಂದು ಕಟ್ಟಿಕೊಳ್ಳಿ ದೊಡ್ಡಮ್ಮಾ, ಮೂಲದಿಂದಲೇ” ಎಂದಳು.

ಗಿರಣಿಗೆ ಗೋಧಿ ಒಯ್ದು, ಮುಂದಿನವರ ರಾಗಿ ಬೆರೆಯದಂತೆ ನಿಂತು ನೋಡಿ ಹಿಟ್ಟು ತರುತ್ತೇವಲ್ಲ, ಕಂಪೈಲ್ ಮಾಡುವುದೆಂದರೆ ಹಾಗೆ. ಪ್ಯಾಕೆಟ್ ಹಿಟ್ಟಿನ ಹಾಗೆ ಸಿದ್ಧ ತಂತ್ರಾಂಶವೂ ಸಿಗುತ್ತದೆ. ನಾನು ಗಿರಣಿಗೇ ಹೋದೆ. ಮಗ ಬಿಟ್ಟುಹೋದ ಹಳೇ ಕಂಪ್ಯೂಟರಿಗೆ ಉಬುಂಟು ಲಿನಕ್ಸ್ ಹಾಕಿದೆ. ‘ಬಿಟ್‌ಕಾಯಿನ್ ಕೋರ್’ನ ಮೂಲ ಇಳಿಸಿಕೊಂಡು, ಅದರ 64 ಅಕ್ಷರಗಳ ಗುರುತನ್ನು ಪ್ರಕಟಿತ ಗುರುತಿನೊಂದಿಗೆ ತಾಳೆ ನೋಡಿದೆ. ತಾಳೆ ನೋಡುವುದು ನನಗೇನು ಹೊಸತೇ? ಸಿ ಪ್ಲಸ್ ಪ್ಲಸ್ ಕಂಪೈಲರು, ಸಿಮೇಕ್, ಬೂಸ್ಟ್, ಲಿಬ್‌ಇವೆಂಟ್ ಎಂದು ಒಂದೊಂದೇ ಸಾಮಾನು ಕೂಡಿಸಿದೆ. ಒಂದು ಮರೆತರೆ ಅದು ಕೆಲಸ ನಿಲ್ಲಿಸಿ, ಏನು ಸಿಗಲಿಲ್ಲವೆಂದು ಹೆಸರು ಹಿಡಿದು ಹೇಳುತ್ತದೆ; ಮನೆಯವರಿಗಿಂತ ವಾಸಿ. ಆತುರಕ್ಕೆ ನಾಲ್ಕು ಕೆಲಸ ಒಟ್ಟಿಗೆ ಹಚ್ಚಿದೆ, ಮೆಮೊರಿ ಸಾಲದೆ ಸತ್ತುಹೋಯಿತು. ಒಂದೊಂದೇ ಹಚ್ಚಿದಾಗ, ಊಟಕ್ಕೆ ಮೊದಲು ಆರಂಭವಾದದ್ದು ದೀಪ ಹಚ್ಚುವ ಹೊತ್ತಿಗೆ ಮುಗಿಯಿತು.

ಲಕ್ಷಗಟ್ಟಲೆ ಸಾಲು ಓದಿದೆನೆಂದು ಸುಳ್ಳು ಹೇಳಲಾರೆ. ಒಂದು ಜಾಗ ಮಾತ್ರ ಹುಡುಕಿ ಓದಿದೆ. ಪ್ರತಿ ಬ್ಲಾಕಿಗೆ ಮೊದಲು 50 ಹೊಸ ನಾಣ್ಯ, 2,10,000 ಬ್ಲಾಕಿಗೊಮ್ಮೆ ಅದು ಅರ್ಧ. 2024ರ ಏಪ್ರಿಲಿನಲ್ಲಿ ಅದು 3.125ಕ್ಕೆ ಇಳಿದಿತ್ತು. ಹೀಗಾಗಿಯೇ ಒಟ್ಟು 2.1 ಕೋಟಿ ಮೀರುವುದಿಲ್ಲ. ಕಿಡಿಗೇಡಿತನಕ್ಕೆ ಆ 50ನ್ನು 25 ಮಾಡಿ ಮತ್ತೆ ಕಟ್ಟಿದೆ. ನಂಬುತ್ತೀರೋ ಇಲ್ಲವೋ, ನನ್ನ ನೋಡ್ ಮೂಲ ಬ್ಲಾಕಿನ ನಂತರದ ಮೊದಲನೆಯದನ್ನೇ ‘ಬ್ಯಾಡ್-ಸಿಬಿ-ಅಮೌಂಟ್’ ಎಂದು ತಳ್ಳಿ ಮುನಿಸಿಕೊಂಡು ಕೂತಿತು. ಜಗತ್ತು ತನ್ನ ಪಾಡಿಗೆ ಮುಂದೆ ಹೋಯಿತು. ಆಗ ತಿಳಿಯಿತು, ಆ ನಿಯಮ ಯಾವ ಕಂಪನಿಯ ಕೃಪೆಯಿಂದಲೂ ನಿಂತಿಲ್ಲ. ಪ್ರತಿಯೊಬ್ಬರೂ ಎಣಿಸಿಯೇ ತೆಗೆದುಕೊಳ್ಳುವುದರಿಂದ ನಿಂತಿದೆ. 25ನ್ನು ಮತ್ತೆ 50 ಮಾಡಿದೆ. 600 ಜಿಬಿಗೂ ಮಿಕ್ಕಿದ ಲೆಡ್ಜರನ್ನು ತರಿಸಿ, ಪರೀಕ್ಷಿಸಿ, ಹಳೆಯದನ್ನು ಅಳಿಸುತ್ತ ಬರಲು ಹದಿನೆಂಟು ದಿನ ಹಿಡಿಯಿತು.

“ಇನ್ನು ನೀವು ಯಾರನ್ನೂ ನಂಬಬೇಕಾಗಿಲ್ಲ” ಎಂದಳು ಹುಡುಗಿ. ಅದನ್ನೂ ನಾನು ಒಪ್ಪಲಿಲ್ಲ. ಗಿರಣಿಯ ಕಲ್ಲೇ ಕೆಟ್ಟಿದ್ದರೆ? 2024ರ ಮಾರ್ಚಿನಲ್ಲಿ ‘ಎಕ್ಸ್‌ಝಡ್’ ಎಂಬ, ಲಿನಕ್ಸಿನವರೆಲ್ಲ ಬಳಸುವ ತಂತ್ರಾಂಶದಲ್ಲಿ ಕಳ್ಳಬಾಗಿಲು ಸಿಕ್ಕಿತು. ಇಟ್ಟವನು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸಗಾರನಂತೆ ನಟಿಸಿ ವಿಶ್ವಾಸ ಗಳಿಸಿದ್ದ. ಆಂದ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಲಾಗಿನ್ ಆಗಲು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಕೆದಕಿದ್ದರಿಂದ ಅದು ಬಯಲಾಯಿತು. ಅರ್ಧ ಸೆಕೆಂಡು! ನಮ್ಮಲ್ಲಿ ಎಷ್ಟು ಮಂದಿ ಅರ್ಧ ವರ್ಷ ತಡವಾದರೂ ಕೇಳುವುದಿಲ್ಲ.

ನನ್ನ ಹತ್ತಿರ ಒಂದು ಪೈಸೆಯ ಬಿಟ್‌ಕಾಯಿನ್ನೂ ಇಲ್ಲ, ಕೊಳ್ಳುವುದೂ ಇಲ್ಲ. ಕೊಳ್ಳಿರೆಂದು ಯಾರಿಗೂ ಹೇಳುವುದಿಲ್ಲ. ಆದರೆ ಕೊಂಡೆವೆನ್ನುವವರು ಒಂದು ಪ್ರಶ್ನೆ ಕೇಳಲಿ: ‘ನನ್ನದರಲ್ಲಿ ಒಂದಿಷ್ಟನ್ನು ನಾನು ಹೇಳಿದ ವಿಳಾಸಕ್ಕೆ ಕಳಿಸಿ, ವ್ಯವಹಾರದ ಗುರುತು ಕೊಡಿ.’ ನಿಜವಾಗಿ ಕಳಿಸಿದ್ದರೆ ನನ್ನ ಹಳೇ ಕಂಪ್ಯೂಟರಿನ ಲೆಕ್ಕದಲ್ಲೂ ಅದು ಬಂದೇ ಬರಬೇಕು.

ಅಕ್ಕನ ಕೈಯಲ್ಲಿ ಆ ಹುಡುಗನಿಗೆ ಹಾಗೆಯೇ ಫೋನು ಮಾಡಿಸಿದೆ. ಮೊದಲ ದಿನ “ಕಂಪನಿಯವರು ಕಳಿಸ್ತಾರೆ” ಎಂದ. ಎರಡನೆಯ ದಿನ “ಮೊದಲು ಇಪ್ಪತ್ತು ಸಾವಿರ ಫೀಸು ಕಟ್ಟಿ” ಎಂದ. ಮೂರನೆಯ ದಿನ ಸ್ವಿಚ್ ಆಫ್.

ಅಕ್ಕ ನನ್ನ ಕಂಪ್ಯೂಟರಿನ ಮುಂದೆ ಬಂದು ಕೂತರು. “ಇದರೊಳಗೆ ನನ್ನ ದುಡ್ಡು ಇಲ್ಲವಾ?” ಎಂದು ಕೇಳಿದರು. “ಇಲ್ಲ ಅಕ್ಕಾ, ಅದು ಇಲ್ಲಿಗೆ ಬಂದಂತೆಯೇ ಕಾಣುವುದಿಲ್ಲ” ಎಂದೆ. ಸೈಬರ್ ವಂಚನೆಯ ದೂರಿಗೆ 1930 ಎಂಬ ಸಂಖ್ಯೆ ಇದೆ. ಅದಕ್ಕೆ ಫೋನು ಮಾಡುವ ಮೊದಲು ಅವರು ಬ್ಯಾಂಕಿನ ಮೆಸೇಜುಗಳನ್ನು ಒಂದೊಂದಾಗಿ ಓದಿದರು, ನಾನು ತಾರೀಖು ಸಮೇತ ಬರೆದುಕೊಂಡೆ. ಕೂಡಿ ನೋಡಿದರೆ ಎರಡು ಲಕ್ಷವಲ್ಲ, ಎರಡು ಲಕ್ಷ ನಲವತ್ತು ಸಾವಿರ.