ಪದಕಗಳ ತಾರತಮ್ಯ

2024ರ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳು ಮುಗಿದ ಮೇಲೆ ನಮ್ಮ ದೇಶದಲ್ಲಿ ಬಹುಜನರ ಬಾಯಲ್ಲಿ ಕೇಳಿಬಂದ ಮಾತೊಂದುಂಟು: ಒಂದು ಬೆಳ್ಳಿ, ಐದು ಕಂಚು, ಒಟ್ಟು ಆರು ಪದಕಗಳನ್ನು ಗಳಿಸಿದ ಭಾರತಕ್ಕೆ 71ನೆಯ ಸ್ಥಾನ, ಒಂದೇ ಒಂದು ಪದಕವನ್ನು ಗಳಿಸಿದ ಪಾಕಿಸ್ತಾನಕ್ಕೆ 62ನೆಯ ಸ್ಥಾನ, ಇದಕ್ಕಿಂತ ಹೆಚ್ಚಿನ ಅವಮಾನ ಬೇರೆ ಬೇಕೆ? ಈ ಮಾತನ್ನು ಹಿಡಿದು ಕೆಲವರು ಆಟಗಾರರನ್ನು ಹಳಿದರು, ಕೆಲವರು ಪಟ್ಟಿಯನ್ನೇ ಹಳಿದರು. ಆದರೆ ಆ ಪಟ್ಟಿ ಯಾವ ತತ್ತ್ವದ ಆಧಾರದ ಮೇಲೆ ನಿಂತಿದೆ, ಆ ತತ್ತ್ವವನ್ನು ನಾವು ಯಾವಾಗ, ಏಕೆ ಒಪ್ಪಿಕೊಂಡೆವು ಎಂಬುದನ್ನು ವಿಚಾರಿಸುವ ಗೋಜಿಗೆ ಎರಡು ಪಕ್ಷದವರೂ ಹೋದಂತೆ ಕಾಣಲಿಲ್ಲ. ಜಾವೆಲಿನ್ ಎಸೆತದಲ್ಲಿ ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರು ಎಸೆದು ಚಿನ್ನವನ್ನು ಪಡೆದರು. ಅದು ಒಲಿಂಪಿಕ್ ದಾಖಲೆ, ಅದಕ್ಕೆ ಸಲ್ಲಬೇಕಾದ ಗೌರವ ಸಂದಿತು. ಭಾರತದ ನೀರಜ್ ಚೋಪ್ರಾ 89.45 ಮೀಟರು ಎಸೆದು ಬೆಳ್ಳಿಯನ್ನು ಪಡೆದರು. ಇದೇ ನೀರಜ್ ಹಿಂದಿನ ಟೋಕಿಯೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದುದು 87.58 ಮೀಟರಿಗೆ. ಎಂದರೆ, ಮೊದಲಿಗಿಂತ ಸುಮಾರು ಎರಡು ಮೀಟರು ದೂರಕ್ಕೆ ಎಸೆದ ವ್ಯಕ್ತಿಯ ದೇಶವು, ಒಟ್ಟು ಪದಕಗಳಲ್ಲಿ ಏಳರಿಂದ ಆರಕ್ಕೆ ಮಾತ್ರ ಇಳಿದಿದ್ದರೂ, ಪಟ್ಟಿಯಲ್ಲಿ 48ನೆಯ ಸ್ಥಾನದಿಂದ 71ನೆಯ ಸ್ಥಾನಕ್ಕೆ ಜಾರಿತು. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ದೊಡ್ಡ ಪತನವನ್ನು ವಿಧಿಸುವ ಅಳತೆಗೋಲಿನಲ್ಲಿ ದೋಷವುಂಟೆಂದು ಶಂಕಿಸುವುದು ವಿವೇಕ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪದಕಗಳ ಸಂಖ್ಯೆಯಿಂದ ಸ್ಪರ್ಧಿಗಳ ತಾರತಮ್ಯವನ್ನು ನಿರ್ಣಯಿಸುವುದು ಅಸಾಧ್ಯವೇನಲ್ಲ. ಆದರೆ ಎಲ್ಲ ಸ್ಪರ್ಧಿಗಳನ್ನೂ ಒಂದೇ ಸಾಲಿನಲ್ಲಿ, ಒಬ್ಬರ ಹಿಂದೆ ಒಬ್ಬರಂತೆ ನಿಲ್ಲಿಸಬಲ್ಲೆವೆಂಬುದು ಭ್ರಮೆ. ಕೆಲವು ಜೋಡಿಗಳಲ್ಲಿ ಯಾರು ಮೇಲೆಂಬುದು ನಿಸ್ಸಂಶಯವಾಗಿ ತಿಳಿಯುತ್ತದೆ. ಇನ್ನು ಕೆಲವು ಜೋಡಿಗಳಲ್ಲಿ ತಿಳಿಯುವುದಿಲ್ಲ. ತಿಳಿಯದ ಕಡೆ ತಿಳಿಯದೆಂದು ಹೇಳುವ ಪಟ್ಟಿಯೇ ನ್ಯಾಯವಾದ ಪಟ್ಟಿ.

ಈಗ ಲೋಕದಲ್ಲಿ ರೂಢಿಯಲ್ಲಿರುವ ಕ್ರಮಗಳು ಮುಖ್ಯವಾಗಿ ಎರಡು. ಮೊದಲನೆಯದು ನಿಘಂಟಿನಲ್ಲಿ ಪದಗಳನ್ನು ಜೋಡಿಸುವ ಕ್ರಮವನ್ನು ಹೋಲುವುದು: ಮೊದಲ ಅಕ್ಷರದಲ್ಲಿ ಭೇದವಿದ್ದರೆ ಎರಡನೆಯ ಅಕ್ಷರವನ್ನು ನೋಡುವ ಅಗತ್ಯವೇ ಬೀಳದಂತೆ, ಚಿನ್ನದ ಸಂಖ್ಯೆಯಲ್ಲಿ ಭೇದವಿದ್ದರೆ ಬೆಳ್ಳಿಯನ್ನೂ ಕಂಚನ್ನೂ ಗಣನೆಗೇ ತೆಗೆದುಕೊಳ್ಳುವುದಿಲ್ಲ. ಎರಡನೆಯದು ಎಲ್ಲ ಪದಕಗಳನ್ನೂ ಒಟ್ಟುಗೂಡಿಸಿ ಎಣಿಸುವುದು. ಜಗತ್ತಿನ ಬಹುಭಾಗ ಮೊದಲನೆಯದನ್ನು ಅನುಸರಿಸಿದರೆ, ಅಮೆರಿಕದ ಪತ್ರಿಕೆಗಳು ಬಹುಕಾಲದಿಂದ ಎರಡನೆಯದನ್ನು ಅನುಸರಿಸುತ್ತ ಬಂದಿವೆ. ಒಲಿಂಪಿಕ್ ಸನ್ನದಾದರೋ, ಈ ಕ್ರೀಡೆಗಳು ವ್ಯಕ್ತಿಗಳ ಮತ್ತು ತಂಡಗಳ ನಡುವಣ ಸ್ಪರ್ಧೆಗಳೇ ಹೊರತು ದೇಶಗಳ ನಡುವಣ ಸ್ಪರ್ಧೆಗಳಲ್ಲವೆಂದು ಸಾರುತ್ತದೆ. ಆದರೂ ಪಟ್ಟಿಗಳು ನಿಲ್ಲಲಿಲ್ಲ. ನಿಲ್ಲುವ ಲಕ್ಷಣವೂ ಇಲ್ಲ. ಆದುದರಿಂದ ಪಟ್ಟಿಯೇ ಬೇಡವೆನ್ನುವ ಉಪದೇಶವನ್ನು ಬಿಟ್ಟು, ಪಟ್ಟಿ ಹೇಗಿರಬೇಕೆಂಬ ವಿಚಾರಕ್ಕೆ ತೊಡಗುವುದೇ ಲೇಸು.

ಚಿನ್ನವನ್ನೇ ಪ್ರಮಾಣವಾಗಿ ಹಿಡಿಯುವವರ ವಾದದಲ್ಲಿ ಬಲವಿದೆ; ಅದನ್ನು ಲಘುವಾಗಿ ತಳ್ಳಿಹಾಕಲಾಗದು. ಸ್ಪರ್ಧೆಯೆಂದರೆ ಗೆಲ್ಲುವುದಕ್ಕಾಗಿ ನಡೆಯುವ ಕಾರ್ಯ, ಗೆದ್ದವನು ಒಬ್ಬನೇ, ಉಳಿದವರೆಲ್ಲರೂ ಸೋತವರೇ ಎಂದು ಅವರು ಹೇಳುತ್ತಾರೆ. ಅಷ್ಟೇ ಅಲ್ಲದೆ ಕಂಚಿನ ಪದಕದ ಅರ್ಥ ಎಲ್ಲ ಕ್ರೀಡೆಗಳಲ್ಲಿಯೂ ಒಂದೇ ಅಲ್ಲ: ಬಾಕ್ಸಿಂಗಿನಲ್ಲಿ ಉಪಾಂತ್ಯದಲ್ಲಿ ಸೋತ ಇಬ್ಬರಿಗೂ ಮತ್ತೊಂದು ಕಾಳಗವಿಲ್ಲದೆಯೇ ಕಂಚು ಸಲ್ಲುತ್ತದೆ, ಕುಸ್ತಿಯಲ್ಲಿಯೂ ಜೂಡೋದಲ್ಲಿಯೂ ಇಬ್ಬಿಬ್ಬರಿಗೆ ಸಲ್ಲುತ್ತದೆ, ಓಟದಲ್ಲಾದರೆ ಸಾಮಾನ್ಯವಾಗಿ ಒಬ್ಬನಿಗೆ ಮಾತ್ರ. ಎಲ್ಲಕ್ಕಿಂತ ಮುಖ್ಯವಾದುದು ಅವರ ಮೂರನೆಯ ಮಾತು: ಚಿನ್ನಕ್ಕೆ ಇಷ್ಟು, ಬೆಳ್ಳಿಗೆ ಇಷ್ಟು ಎಂದು ಅಂಕಗಳನ್ನು ನಿಗದಿಮಾಡಹೊರಟರೆ ಅದು ಯಾರ ಇಷ್ಟದಂತೆ ಆಗಬೇಕು? ಚಿನ್ನವನ್ನಷ್ಟೇ ಎಣಿಸಿದರೆ ಈ ಸ್ವೇಚ್ಛೆಗೆ ಅವಕಾಶವಿಲ್ಲ.

ಈ ಕಡೆಯ ಮಾತೇ ತಪ್ಪು. ಬೆಲೆ ಕಟ್ಟುವುದಿಲ್ಲವೆಂದು ಹೇಳುತ್ತಲೇ ಈ ಕ್ರಮವು ಅತ್ಯಂತ ಉಗ್ರವಾದ ಬೆಲೆಯನ್ನು ಕಟ್ಟುತ್ತದೆ. ಒಂದು ಚಿನ್ನವು ಬೆಳ್ಳಿ ಎಷ್ಟಿದ್ದರೂ, ನೂರಿರಲಿ ಸಾವಿರವಿರಲಿ, ಅವೆಲ್ಲಕ್ಕಿಂತ ಹೆಚ್ಚೆಂಬುದು ಅದರ ಒಳಗಿನ ಪ್ರತಿಜ್ಞೆ. ಎಂದರೆ ಚಿನ್ನದ ಬೆಲೆ ಅನಂತ. ಒಟ್ಟು ಪದಕಗಳನ್ನು ಎಣಿಸುವವರ ಪ್ರತಿಜ್ಞೆ ಇದಕ್ಕೆ ನೇರ ವಿರುದ್ಧ: ಚಿನ್ನಕ್ಕೂ ಕಂಚಿಗೂ ಬೆಲೆ ಒಂದೇ. ಲೋಕದಲ್ಲಿ ವಿವೇಕಿಯಾದ ಯಾವ ಕ್ರೀಡಾಪಟುವೂ ಈ ಎರಡರಲ್ಲಿ ಒಂದನ್ನೂ ನಂಬುವುದಿಲ್ಲ. ಬೆಳ್ಳಿಗಾಗಿ ಓಡಿದ ಓಟಗಾರ್ತಿಗೆ ನಿನ್ನ ಶ್ರಮ ಶೂನ್ಯಸಮಾನವೆಂದು ಹೇಳುವ ಧೈರ್ಯವಾಗಲಿ, ಗೆದ್ದವಳಿಗೆ ನಿನಗೂ ಮೂರನೆಯವಳಿಗೂ ಭೇದವಿಲ್ಲವೆಂದು ಹೇಳುವ ಧೈರ್ಯವಾಗಲಿ ಯಾರಿಗಿದೆ? ಸತ್ಯವು ಈ ಎರಡು ತುದಿಗಳ ನಡುವೆ ಎಲ್ಲಿಯೋ ಇದೆ.

ನಡುವೆ ಎಲ್ಲಿ ಎಂಬುದೇ ಕಷ್ಟದ ಪ್ರಶ್ನೆ. ನಮ್ಮ ಶಾಲಾ ಕಾಲೇಜುಗಳ ಕ್ರೀಡಾಕೂಟಗಳಲ್ಲಿ ಪ್ರಥಮಕ್ಕೆ ಐದು, ದ್ವಿತೀಯಕ್ಕೆ ಮೂರು, ತೃತೀಯಕ್ಕೆ ಒಂದು ಎಂದು ಅಂಕ ಹಾಕಿ ಸಮಗ್ರ ಪ್ರಶಸ್ತಿಯನ್ನು ನಿರ್ಣಯಿಸುವುದು ಹಲವೆಡೆ ರೂಢಿ. ಮೂರು, ಎರಡು, ಒಂದು ಎಂಬ ಲೆಕ್ಕವೂ ಉಂಟು. ಇವುಗಳಲ್ಲಿ ಯಾವುದನ್ನು ಆರಿಸಿದರೂ ಫಲ ಹೆಚ್ಚು ಕಡಮೆ ಒಂದೇ ಎಂದು ಭಾವಿಸುವವರು 2008ರ ಬೀಜಿಂಗ್ ಕ್ರೀಡೆಗಳ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಆ ಕ್ರೀಡೆಗಳು ಮುಗಿದ ದಿನ ಚೀನಕ್ಕೆ 51 ಚಿನ್ನ, 21 ಬೆಳ್ಳಿ, 28 ಕಂಚು, ಒಟ್ಟು 100; ಅಮೆರಿಕಕ್ಕೆ 36 ಚಿನ್ನ, 38 ಬೆಳ್ಳಿ, 36 ಕಂಚು, ಒಟ್ಟು 110. ಚಿನ್ನದ ಲೆಕ್ಕದಲ್ಲಿ ಚೀನ ಮೊದಲು, ಒಟ್ಟು ಲೆಕ್ಕದಲ್ಲಿ ಅಮೆರಿಕ ಮೊದಲು. ಮೂರು-ಎರಡು-ಒಂದರ ಲೆಕ್ಕದಲ್ಲಿ ಚೀನಕ್ಕೆ 223, ಅಮೆರಿಕಕ್ಕೆ 220. ಮೂರು ಅಂಕಗಳಿಂದ ಚೀನ ಗೆದ್ದಿತು. ಆಮೇಲೆ ವರ್ಷಗಳು ಕಳೆದು, ನಿಷಿದ್ಧ ಔಷಧ ಸೇವನೆಯ ಪರೀಕ್ಷೆಗಳಿಂದ ಚೀನದ ಮೂವರು ಭಾರ ಎತ್ತುವ ಸ್ಪರ್ಧಿಗಳೂ ಇತರ ದೇಶಗಳ ಹಲವರೂ ಪದಕಗಳನ್ನು ಕಳೆದುಕೊಂಡು, ಪಟ್ಟಿ ತಿದ್ದುಪಡಿಯಾಯಿತು: ಚೀನಕ್ಕೆ 48, 22, 30, ಅಮೆರಿಕಕ್ಕೆ 36, 39, 37. ಈಗ ಅದೇ ಮೂರು-ಎರಡು-ಒಂದರ ಲೆಕ್ಕದಲ್ಲಿ ಚೀನಕ್ಕೆ 218, ಅಮೆರಿಕಕ್ಕೆ 223, ಅಮೆರಿಕ ಗೆದ್ದಿತು. ಐದು-ಮೂರು-ಒಂದರ ಲೆಕ್ಕಕ್ಕೆ ತಿರುಗಿದರೆ ಚೀನಕ್ಕೆ 336, ಅಮೆರಿಕಕ್ಕೆ 334; ಎರಡಂಕಗಳಿಂದ ಮತ್ತೆ ಚೀನವೇ! ಇಂಥ ಸ್ಥಿತಿಯಲ್ಲಿ ಯಾರು ಮೊದಲೆಂಬ ಪ್ರಶ್ನೆಗೆ ಉತ್ತರವನ್ನು ಕೊಡುತ್ತಿರುವವರು ಓಡಿದವರೂ ಈಜಿದವರೂ ಅಲ್ಲ, ಅಂಕಗಳನ್ನು ನಿಗದಿಮಾಡಿದ ಗುಮಾಸ್ತ.

ಹಾಗಾದರೆ ಎಲ್ಲ ತಾರತಮ್ಯವೂ ಸ್ವೇಚ್ಛೆಯೇ ಎಂದು ಕೈಚೆಲ್ಲಬೇಕೆ? ಬೇಕಿಲ್ಲ. ಚಿನ್ನಕ್ಕೆ ಬೆಳ್ಳಿಗಿಂತಲೂ ಬೆಳ್ಳಿಗೆ ಕಂಚಿಗಿಂತಲೂ ಕಡಮೆ ಬೆಲೆ ಕೊಡಕೂಡದೆಂಬ ಒಂದೇ ನಿಯಮವನ್ನು ಎಲ್ಲರೂ ಒಪ್ಪುತ್ತಾರಷ್ಟೆ. ಅದನ್ನು ಒಪ್ಪಿದ ಮೇಲೆ ಮೂರು ಎಣಿಕೆಗಳನ್ನು ಮಾಡಬೇಕು: ಮೊದಲು ಚಿನ್ನ ಮಾತ್ರ, ಅನಂತರ ಚಿನ್ನ ಬೆಳ್ಳಿಗಳು ಕೂಡಿ, ಕಡೆಗೆ ಮೂರೂ ಕೂಡಿ. ಈ ಮೂರರಲ್ಲಿ ಯಾವುದರಲ್ಲಿಯೂ ಹಿಂದೆ ಬೀಳದೆ, ಒಂದರಲ್ಲಾದರೂ ಮುಂದಿರುವ ಸ್ಪರ್ಧಿಯು, ಗುಮಾಸ್ತನು ಯಾವ ಅಂಕಗಳನ್ನು ಹಾಕಿದರೂ, ಎದುರಾಳಿಗಿಂತ ಕೆಳಗೆ ಇಳಿಯುವಂತಿಲ್ಲ. ಇದು ಅಭಿಪ್ರಾಯವಲ್ಲ, ಗಣಿತ. ಮೂರು ಎಣಿಕೆಗಳು ಒಂದಕ್ಕೊಂದು ವಿರುದ್ಧವಾದರೆ ಮಾತ್ರ ಅಂಕ ಹಾಕುವವನ ಇಷ್ಟಕ್ಕೆ ಪ್ರವೇಶ. ಪ್ಯಾರಿಸಿನಲ್ಲಿ ಅಮೆರಿಕಕ್ಕೂ ಚೀನಕ್ಕೂ ತಲಾ 40 ಚಿನ್ನ. ಚಿನ್ನ ಬೆಳ್ಳಿ ಕೂಡಿದರೆ 84ಕ್ಕೆ 67. ಮೂರೂ ಕೂಡಿದರೆ 126ಕ್ಕೆ 91. ಇಲ್ಲಿ ವಿವಾದವೇ ಇಲ್ಲ, ಅಮೆರಿಕವೇ ಮೇಲು. ಬೀಜಿಂಗಿನಲ್ಲಿ ಎಣಿಕೆಗಳು ಅಡ್ಡ ಹಾಯುತ್ತವೆ, ಅಲ್ಲಿ ನಿರ್ಣಯವಿಲ್ಲ. ಪ್ಯಾರಿಸಿನ ಭಾರತಕ್ಕೂ ಪಾಕಿಸ್ತಾನಕ್ಕೂ ಸೊನ್ನೆಗೆ ಒಂದು, ಒಂದಕ್ಕೆ ಒಂದು, ಆರಕ್ಕೆ ಒಂದು, ಅಲ್ಲಿಯೂ ನಿರ್ಣಯವಿಲ್ಲ. ಒಂದು ಬೆಳ್ಳಿ ಮತ್ತು ಐದು ಕಂಚು ಸೇರಿದರೂ ಒಂದು ಚಿನ್ನಕ್ಕೆ ಸಮವಲ್ಲವೆಂದು ನಂಬುವವನು ಪಾಕಿಸ್ತಾನವನ್ನು ಮೇಲಿಡಲಿ. ನಂಬದವನು ಭಾರತವನ್ನು ಇಡಲಿ. ಆದರೆ ಇಬ್ಬರೂ ತಮ್ಮ ನಂಬಿಕೆಯನ್ನು ಸಿದ್ಧಾಂತವೆಂದು ಸಾರದಿರಲಿ.

ಪ್ರತಿಯೊಂದು ಸ್ಪರ್ಧೆಯೂ ಒಂದು ಪದಕದ ಮೂಲವೆಂದು ಎಣಿಸುವ ಪದ್ಧತಿಯಲ್ಲಿ ಇನ್ನೂ ಆಳವಾದ ಅನ್ಯಾಯವೊಂದಿದೆ. ಯಾವ ಅಂಕಸೂತ್ರವೂ ಅದನ್ನು ಮುಟ್ಟುವುದಿಲ್ಲ. ಭಾರತದ ಪುರುಷರ ಹಾಕಿ ತಂಡ 1928, 1932, 1936, 1948, 1952, 1956, 1964 ಮತ್ತು 1980ರಲ್ಲಿ ಚಿನ್ನ ಗೆದ್ದಿತು: ಒಟ್ಟು ಎಂಟು. ಧ್ಯಾನ್‌ಚಂದರ ಕಾಲದಿಂದ, ಕೊಡಗಿನ ಎಂ. ಎಂ. ಸೋಮಯ್ಯನವರು ಆಡಿದ 1980ರ ಮಾಸ್ಕೋ ತಂಡದವರೆಗೆ, ಅರ್ಧ ಶತಮಾನಕ್ಕೂ ಮಿಕ್ಕ ಅವಧಿಯಲ್ಲಿ, ಎಷ್ಟೋ ತಲೆಮಾರುಗಳ ಆಟಗಾರರ ಪರಿಶ್ರಮದ ಫಲ ಆ ಎಂಟು. ಮೈಕೇಲ್ ಫೆಲ್ಪ್ಸ್ ಎಂಬ ಈಜುಗಾರ ಬೀಜಿಂಗ್ ಒಂದರಲ್ಲೇ ಗೆದ್ದ ಚಿನ್ನಗಳೂ ಎಂಟು. ಪಟ್ಟಿಯ ದೃಷ್ಟಿಯಲ್ಲಿ ಎರಡಕ್ಕೂ ಭೇದವಿಲ್ಲ. ಫೆಲ್ಪ್ಸರ ಸಾಧನೆಯನ್ನು ಕಡಮೆಮಾಡಬೇಕೆಂಬುದು ನನ್ನ ಉದ್ದೇಶವಲ್ಲ; ಅಂಥ ಈಜುಗಾರ ಎಲ್ಲಿಯೂ ಅಪರೂಪ. ನನ್ನ ಆಕ್ಷೇಪ ಲೆಕ್ಕದ ಮೇಲೆ. ಈಜಿನಲ್ಲಿ ದೂರಗಳು ಹಲವು, ಶೈಲಿಗಳು ಹಲವು. ಒಂದೇ ದೇಹಬಲವನ್ನೂ ಒಂದೇ ಶಿಕ್ಷಣವನ್ನೂ ಹಲವು ಪದಕಗಳಾಗಿ ಪರಿವರ್ತಿಸಲು ಅಲ್ಲಿ ಮಾರ್ಗವುಂಟು. ಭಾರ ಎತ್ತುವವನು ಒಂದೇ ತೂಕದ ವರ್ಗದಲ್ಲಿ ಮಾತ್ರ ನಿಲ್ಲಬಲ್ಲ. ಹಾಕಿಯಲ್ಲಿ ಹದಿನಾರು ಜನ ಹಲವು ದಿನಗಳ ಪಂದ್ಯಗಳನ್ನು ಆಡಿ ಗೆದ್ದರೂ ಪಟ್ಟಿಗೆ ಬರುವುದು ಒಂದು. ಪ್ಯಾರಿಸಿನ 329 ಸ್ಪರ್ಧೆಗಳಲ್ಲಿ ಈಜುಕೊಳದವೇ 35 ಇದ್ದರೆ, ಹಾಕಿಯವು ಎರಡು. ಈಜುಕೊಳಗಳನ್ನು ಕಟ್ಟಿ ನೀರನ್ನು ಬಿಸಿಯಾಗಿಡಬಲ್ಲ ದೇಶಕ್ಕೂ ಬಯಲಿನಲ್ಲಿ ಕೋಲು ಹಿಡಿದು ಆಡುವ ದೇಶಕ್ಕೂ ನಡುವೆ ಈ ಪಟ್ಟಿ ಮಾಡುವ ತಾರತಮ್ಯವು ಆಟ ಆರಂಭವಾಗುವ ಮೊದಲೇ, ಸ್ಪರ್ಧೆಗಳ ವೇಳಾಪಟ್ಟಿಯನ್ನು ಬರೆದ ದಿನವೇ, ಅರ್ಧ ಮುಗಿದಿರುತ್ತದೆ. ಇದಕ್ಕೆ ಪರಿಹಾರವಾಗಿ ಪ್ರತಿ ಕ್ರೀಡೆಗೂ ಸಮಾನ ಭಾಗ ಕೊಡಬೇಕೆನ್ನುವವರಿದ್ದಾರೆ. ಆಗ ಐದಾರು ಸ್ಪರ್ಧೆಗಳ ಕ್ರೀಡೆಯ ಚಿನ್ನಕ್ಕೆ ಓಟ ಜಿಗಿತಗಳ ಚಿನ್ನದ ಎಷ್ಟೋ ಪಟ್ಟು ಬೆಲೆ ಬಂದುಬಿಡುತ್ತದೆ, ಅದೂ ನ್ಯಾಯವಲ್ಲ. ಒಂದೊಂದು ಕ್ರೀಡೆಗೂ ಪ್ರತ್ಯೇಕ ಪಟ್ಟಿಯನ್ನು ಮೊದಲು ಮುದ್ರಿಸಿ, ಸಮಗ್ರ ಪಟ್ಟಿಯನ್ನು ಅದರ ಕೆಳಗೆ ಇಡುವುದೇ ಉತ್ತಮವೆಂದು ನನಗೆ ತೋರುತ್ತದೆ.

ಜನಸಂಖ್ಯೆಯಿಂದ ಭಾಗಿಸಬೇಕೆನ್ನುವವರ ವಾದ ಮೇಲ್ನೋಟಕ್ಕೆ ಕರುಣಾಮಯವಾದುದು. ಸುಮಾರು ಎಪ್ಪತ್ತು ಸಾವಿರ ಜನರ ಡೊಮಿನಿಕ ದ್ವೀಪವು ಪ್ಯಾರಿಸಿನಲ್ಲಿ ಥಿಯಾ ಲಾಫೊಂಡರ ಮೂಲಕ ತ್ರಿವಿಧ ಜಿಗಿತದಲ್ಲಿ ಚಿನ್ನ ಗೆದ್ದುದು ನಿಜವಾಗಿಯೂ ಅದ್ಭುತ. ಆ ಅದ್ಭುತವನ್ನು ಯಾವ ಪಟ್ಟಿಯಾದರೂ ಹೇಳಬೇಕಾದದ್ದೇ. ಆದರೆ ಭಾಗಾಕಾರವು ಸಣ್ಣ ದೇಶಗಳನ್ನು ಅಗತ್ಯಕ್ಕಿಂತ ಹೆಚ್ಚು ಮೇಲೆತ್ತುತ್ತದೆ ಇಲ್ಲವೆ ಪೂರ್ತಿ ಮುಳುಗಿಸುತ್ತದೆ: ಒಂದು ಪದಕ ಬಂದರೆ ಶಿಖರ, ಬಾರದಿದ್ದರೆ ಶೂನ್ಯ, ನಡುವೆ ನೆಲೆಯಿಲ್ಲ. ದೊಡ್ಡ ದೇಶಕ್ಕಾದರೋ ಮಿತಿಯನ್ನು ನಿಯಮವೇ ಹಾಕಿದೆ. ಓಟ ಜಿಗಿತಗಳ ಬಹುತೇಕ ಸ್ಪರ್ಧೆಗಳಿಗೆ ಒಂದು ದೇಶದಿಂದ ಮೂವರಿಗಿಂತ ಹೆಚ್ಚು ಜನರನ್ನು ಕಳುಹಿಸುವಂತಿಲ್ಲ. ತಂಡದ ಆಟಕ್ಕೆ ಒಂದೇ ತಂಡ. 140 ಕೋಟಿ ಜನರಿರುವ ದೇಶ 140 ಹಾಕಿ ತಂಡಗಳನ್ನು ಕಳುಹಿಸಲಾರದು. ಛೇದವನ್ನು ಮುಕ್ತವಾಗಿ ಬೆಳೆಯಬಿಟ್ಟು ಅಂಶಕ್ಕೆ ಮಾತ್ರ ಬೇಲಿ ಹಾಕುವ ಭಿನ್ನರಾಶಿಯಿಂದ ನ್ಯಾಯ ಹುಟ್ಟುವುದು ಹೇಗೆ? ರಾಷ್ಟ್ರೀಯ ಆದಾಯದಿಂದ ಭಾಗಿಸುವವರ ಲೆಕ್ಕಕ್ಕೂ ಇದೇ ಉತ್ತರ.

ಮೂರರಾಚೆ ಏನೂ ಇಲ್ಲವೆಂಬ ಪಟ್ಟಿಯ ಕ್ರೌರ್ಯವನ್ನೂ ಹೇಳದಿರಲಾರೆ. 1984ರ ಲಾಸ್ ಏಂಜಲೀಸಿನಲ್ಲಿ 400 ಮೀಟರು ಹರ್ಡಲ್ಸಿನಲ್ಲಿ ಪಿ. ಟಿ. ಉಷಾ ಕಂಚನ್ನು ಕಳೆದುಕೊಂಡುದು ಒಂದು ಸೆಕೆಂಡಿನ ನೂರರಲ್ಲೊಂದು ಪಾಲಿನಿಂದ. ಪದಕಪಟ್ಟಿಯಲ್ಲಿ ಆ ಓಟಕ್ಕೆ ಕುರುಹೇ ಇಲ್ಲ. ವಿಶ್ವ ಅಥ್ಲೆಟಿಕ್ಸ್ ಸ್ಪರ್ಧೆಗಳಲ್ಲಿ ಮೊದಲನೆಯವರಿಗೆ ಎಂಟರಿಂದ ಎಂಟನೆಯವರಿಗೆ ಒಂದರವರೆಗೆ ಅಂಕ ಕೊಟ್ಟು ಬೇರೊಂದು ಪಟ್ಟಿಯನ್ನು ಸಿದ್ಧಪಡಿಸುತ್ತಾರೆ; ಅದು ದೇಶದ ಬಲವನ್ನು ಪದಕಪಟ್ಟಿಗಿಂತ ಪ್ರಾಮಾಣಿಕವಾಗಿ ತೋರಿಸುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ಪತ್ರಿಕೆಗಳು ಅದನ್ನು ಮುದ್ರಿಸಿದುದನ್ನು ನಾನು ಕಂಡಿಲ್ಲ.

ಜನರಿಗೆ ಒಂದು, ಎರಡು, ಮೂರು ಎಂಬ ಕ್ರಮ ಬೇಕು, ಅನಿರ್ಣಯವನ್ನು ಅವರು ಸಹಿಸಲಾರರು ಎಂಬ ಆಕ್ಷೇಪವೊಂದು ಉಳಿಯಿತು. ನಮ್ಮ ಸಮೀಪದ ಉದಾಹರಣೆಯಿಂದಲೇ ಇದನ್ನು ಪರೀಕ್ಷಿಸಬಹುದು. 2025ರಲ್ಲಿ ಉತ್ತರಾಖಂಡದಲ್ಲಿ ನಡೆದ 38ನೆಯ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಸೇನಾ ತಂಡಕ್ಕೆ 68 ಚಿನ್ನ, 26 ಬೆಳ್ಳಿ, 27 ಕಂಚು. ಮಹಾರಾಷ್ಟ್ರಕ್ಕೆ 54, 71, 73. ಹರಿಯಾಣಕ್ಕೆ 48, 47, 58. ಮಧ್ಯಪ್ರದೇಶಕ್ಕೆ 34, 26, 22. ಕರ್ನಾಟಕಕ್ಕೆ 34, 18, 28. 121 ಪದಕಗಳ ಸೇನಾ ತಂಡ ಮೊದಲನೆಯದೆಂದೂ 198 ಪದಕಗಳ ಮಹಾರಾಷ್ಟ್ರ ಎರಡನೆಯದೆಂದೂ ಘೋಷಣೆಯಾಯಿತು. ಬೆಳ್ಳಿಯನ್ನು ಎರಡು ಕಂಚಿಗೆ ಸಮವೆಂದು ಹಿಡಿದರೆ, ಈ ಘೋಷಣೆ ನಿಲ್ಲುವುದಕ್ಕೆ ಒಂದು ಚಿನ್ನ ಹೆಚ್ಚು ಕಡಮೆ ಹತ್ತು ಕಂಚುಗಳ ಬೆಲೆ ಬಾಳಬೇಕು. ಇಷ್ಟು ಬೆಲೆಯನ್ನು ಬಾಯಿಬಿಟ್ಟು ಕೇಳಿದ್ದರೆ ಯಾವ ಸಂಘಟಕನೂ ಒಪ್ಪುತ್ತಿರಲಿಲ್ಲ. ಹರಿಯಾಣದೊಡನೆ ಹೋಲಿಸಿದರೂ, ಚಿನ್ನ ಬೆಳ್ಳಿ ಕೂಡಿದ ಎಣಿಕೆಯಲ್ಲಿ ಸೇನಾ ತಂಡಕ್ಕೆ 94, ಹರಿಯಾಣಕ್ಕೆ 95, ಅಲ್ಲಿಯೂ ನಿರ್ಣಯವಿಲ್ಲ. ಮೇಲಾಗಿ ಸೇನಾ ತಂಡದಲ್ಲಿ ಆಡುವವರು ದೇಶದ ನಾನಾ ರಾಜ್ಯಗಳಲ್ಲಿ ಹುಟ್ಟಿ ಬೆಳೆದವರು. ರಾಜ್ಯಗಳ ಸಾಲಿನಲ್ಲಿ ಅದಕ್ಕೊಂದು ಸ್ಥಾನಸಂಖ್ಯೆ ಅಂಟಿಸುವುದೇ ಪ್ರಶ್ನಾರ್ಹ. ಆದ್ದರಿಂದ ಪಟ್ಟಿ ಹೀಗಿರಬೇಕಾಗಿತ್ತು: ಮಹಾರಾಷ್ಟ್ರ ಹರಿಯಾಣಕ್ಕಿಂತ ಮೇಲು, ಏಕೆಂದರೆ ಮೂರು ಎಣಿಕೆಗಳಲ್ಲಿಯೂ ಅದು ಮುಂದು, ಸೇನಾ ತಂಡದ ಸ್ಥಾನ ಒಂದರಿಂದ ಮೂರರೊಳಗೆ ಎಲ್ಲಿಯಾದರೂ ಇರಬಹುದು, ಈ ಮೂವರೂ ಮಧ್ಯಪ್ರದೇಶ ಕರ್ನಾಟಕಗಳಿಗಿಂತ ನಿರ್ವಿವಾದವಾಗಿ ಮೇಲು. ಇದನ್ನು ಓದಿ ತಿಳಿಯಲಾರದಷ್ಟು ಮಂದಮತಿಗಳಲ್ಲ ನಮ್ಮ ಜನ. ಇನ್ನು ಚಿನ್ನದಲ್ಲಿ ಸಮನಾಗಿದ್ದೇವೆಂದು ಕನ್ನಡಿಗರು ನಾಲ್ಕನೆಯ ಸ್ಥಾನವನ್ನು ಕೇಳಿದರೆ, ಈ ಕ್ರಮದಲ್ಲಿಯೂ ಅದು ನಮಗೆ ದೊರೆಯುವುದಿಲ್ಲ: ಚಿನ್ನ ಬೆಳ್ಳಿ ಕೂಡಿ ಮಧ್ಯಪ್ರದೇಶಕ್ಕೆ 60, ನಮಗೆ 52, ಒಟ್ಟು 82ಕ್ಕೆ 80. ನಮ್ಮದು ಐದನೆಯ ಸ್ಥಾನವೇ.